ಬಾಗಿಲು ತೆರೆದರಷ್ಟೇ ಸಾಲದು

ನಮ್ಮ ಧಾರವಾಡದ ಕಡೆ ಮದುವೆಗೆ ಕರೆಯುವುದೆಂದರೆ ಲಗ್ನಪತ್ರಿಕೆಯನ್ನು ಅಂಚೆಗೆ ಹಾಕಿ ಕೈ ತೊಳೆದುಕೊಳ್ಳುವುದಲ್ಲ. ಮನೆಗೆ ಬರಬೇಕು, ಕುಂಕುಮ ಹಚ್ಚಬೇಕು, ಅಕ್ಷತೆ ಕೊಡಬೇಕು, “ಹಿಂದಿನ ದಿನಾನ ಬರ್ರಿ, ಎಲ್ಲಾರೂ ಬರ್ರಿ” ಎಂದು ಬಾಯಿ ತುಂಬ ಹೇಳಬೇಕು. ಮದುವೆಮನೆಯ ಬಾಗಿಲನ್ನು ಯಾರೂ ಮುಚ್ಚಿಟ್ಟಿರುವುದಿಲ್ಲ. ಆದರೂ ಕರೆಯದೆ ನಾವು ಹೋಗುವುದಿಲ್ಲ. “ಬಾಗಿಲು ತೆರೆದೇ ಇತ್ತಲ್ಲ, ಯಾಕೆ ಬರಲಿಲ್ಲ?” ಎಂದು ಯಾರಾದರೂ ಕೇಳಿದರೆ ಅವರಿಗೆ ಲೋಕರೂಢಿ ತಿಳಿಯದು ಎಂದೇ ಅಂದುಕೊಳ್ಳುತ್ತೇವೆ.

ಈ ರೂಢಿಯ ಹಿಂದಿನ ತಿಳಿವಳಿಕೆ ನನಗೆ ಹೊಸದಾಗಿ ಕಂಡದ್ದು ಕಂಪ್ಯೂಟರ್ ಲೋಕದ ಎರಡು ಅಂಕಿಗಳನ್ನು ಓದಿದಾಗ. 2006ರಲ್ಲಿ ಗ್ನೋಮ್ ಎಂಬ ತಂತ್ರಾಂಶ ಬಳಗಕ್ಕೆ, ಬೇಸಿಗೆಯಲ್ಲಿ ತನ್ನೊಡನೆ ಕೆಲಸ ಮಾಡಿ ಕಲಿಯಬಯಸುವ ವಿದ್ಯಾರ್ಥಿಗಳಿಂದ 181 ಅರ್ಜಿಗಳು ಬಂದವು. ಅವುಗಳಲ್ಲಿ ಹೆಣ್ಣುಮಕ್ಕಳವು ಎಷ್ಟು? ಒಂದೂ ಇಲ್ಲ! ಅದೇ ಬಳಗ ಅದೇ ವರ್ಷ ಹೆಣ್ಣುಮಕ್ಕಳಿಗಾಗಿಯೇ ಇನ್ನೊಂದು ಕರೆ ಕೊಟ್ಟಿತು. ಈಗ ಬಂದ ಅರ್ಜಿಗಳು ಸುಮಾರು ನೂರು. ಅಷ್ಟರೊಳಗೆ ನೂರು ಹುಡುಗಿಯರಿಗೆ ಹೊಸದಾಗಿ ಬುದ್ಧಿ ಬಂದುಬಿಟ್ಟಿತೆ? ಹಾಗೇನಿಲ್ಲ. ಅವರು ಮೊದಲೂ ಇದ್ದರು. ಯಾರೂ ಕರೆದಿರಲಿಲ್ಲ, ಅಷ್ಟೆ.

ಈ ಕತೆ ತಿಳಿಯಬೇಕಾದರೆ ಮುಕ್ತ ತಂತ್ರಾಂಶ ಎಂದರೇನು ಎಂಬುದನ್ನು ಸ್ವಲ್ಪ ನೋಡಬೇಕು. ಗಾಬರಿಯಾಗಬೇಡಿ, ಗಣಿತವೇನೂ ಬರುವುದಿಲ್ಲ. ಅಂಗಡಿಯಿಂದ ಸಾರಿನ ಪುಡಿಯ ಪೊಟ್ಟಣ ತಂದರೆ ಅದರಲ್ಲಿ ಯಾವುದನ್ನು ಎಷ್ಟು ಹುರಿದು ಹಾಕಿದ್ದಾರೆ ಎಂಬುದು ನಮಗೆ ಗೊತ್ತಾಗುವುದಿಲ್ಲ. ಖಾರ ಹೆಚ್ಚಾದರೆ ಸಹಿಸಿಕೊಳ್ಳಬೇಕು. ಪಕ್ಕದ ಮನೆಯ ವೈನಿ ಅಳತೆಯನ್ನೆಲ್ಲ ಬರೆದುಕೊಟ್ಟರೆ ನಾವು ಮೆಣಸಿನಕಾಯಿ ಕಡಿಮೆ ಮಾಡಿಕೊಳ್ಳಬಹುದು, ಇನ್ನೊಬ್ಬರಿಗೂ ಹೇಳಿಕೊಡಬಹುದು. ಕಂಪ್ಯೂಟರಿಗೆ ಬರೆದ ಸೂಚನೆಗಳೂ ಹಾಗೆಯೇ. ಸೂಚನೆಗಳನ್ನು ಮುಚ್ಚಿಟ್ಟು ಪೊಟ್ಟಣ ಮಾರುವುದು ಒಂದು ದಾರಿ. ಎಲ್ಲರೂ ಓದಿ, ತಿದ್ದಿ, ಹಂಚಿಕೊಳ್ಳುವಂತೆ ಬಿಡುವುದು ಇನ್ನೊಂದು. ಈ ಎರಡನೆಯದೇ ಮುಕ್ತ ತಂತ್ರಾಂಶ.

ಅದರ ಹುಟ್ಟಿನಲ್ಲಿ ಒಂದು ಮೊಂಡ ಮುದ್ರಣ ಯಂತ್ರದ ಕತೆಯಿದೆ. ಅಮೆರಿಕದ ಎಂ.ಐ.ಟಿ.ಯಲ್ಲಿ ಕೆಲಸಕ್ಕಿದ್ದ ರಿಚರ್ಡ್ ಸ್ಟಾಲ್ಮನ್ ಅವರ ಪ್ರಯೋಗಶಾಲೆಗೆ ಹೊಸ ಪ್ರಿಂಟರ್ ಬಂತು. ಕಾಗದ ಮತ್ತೆ ಮತ್ತೆ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗ ಎಲ್ಲರಿಗೂ ಸೂಚನೆ ಹೋಗುವಂತೆ ತಿದ್ದೋಣವೆಂದು ಅದರ ಒಳಗಿನ ಬರಹ ಕೇಳಿದರೆ, ಕೊಡುವುದಿಲ್ಲ ಎಂಬ ಉತ್ತರ ಬಂತು. 1983ರಲ್ಲಿ ಅವರು ಎಲ್ಲರೂ ತಿದ್ದಬಹುದಾದ ಒಂದು ಪೂರ್ಣ ವ್ಯವಸ್ಥೆ ಕಟ್ಟುವುದಾಗಿ ಸಾರಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21 ವರ್ಷದ ಹುಡುಗ ಲಿನಸ್ ಟೊರ್ವಾಲ್ಡ್ಸ್, ಮುಂದೆ ಲಿನಕ್ಸ್ ಎಂದು ಹೆಸರಾದದ್ದನ್ನು ಹವ್ಯಾಸಕ್ಕೆಂದು ಶುರುಮಾಡಿದ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಅದೇ ಲಿನಕ್ಸ್. 1997ರಲ್ಲಿ ಮೆಕ್ಸಿಕೋದ ಮಿಗೆಲ್ ಡಿ ಇಕಾಸಾ, ಫೆಡೆರಿಕೊ ಮೆನಾ ಎಂಬ ಇಬ್ಬರು ತರುಣರು ಗ್ನೋಮ್ ಆರಂಭಿಸಿದರು. ಲಿನಕ್ಸ್ ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಕಿಟಕಿ, ಗುಂಡಿ, ಪಟ್ಟಿಗಳನ್ನು ಒದಗಿಸುವ ತಂತ್ರಾಂಶ ಅದು.

ಎಲ್ಲ ಗಂಡಸರ ಹೆಸರುಗಳೇ ಆಯಿತಲ್ಲ ಎನ್ನುತ್ತೀರಾ? ಒಂದು ಹೆಣ್ಣು ಹೆಸರೂ ಇದೆ, ಅದೂ ನಾಮಕರಣದ ಹೊತ್ತಿನದು. ‘ಓಪನ್ ಸೋರ್ಸ್’ ಎಂಬ ಪದವನ್ನು ಹುಟ್ಟುಹಾಕಿದವರು ಕ್ಯಾಲಿಫೋರ್ನಿಯಾದ ಕ್ರಿಸ್ಟೀನ್ ಪೀಟರ್ಸನ್. 1998ರ ಫೆಬ್ರವರಿಯಲ್ಲಿ ಇದರ ಬಗ್ಗೆ ನಡೆದ ಒಂದು ಸಭೆಗೆ ಅವರು ಹೋಗಿದ್ದರು. ಹೆಸರು ಮನಸ್ಸಿನಲ್ಲಿತ್ತು, ಆದರೆ ಆ ಮಂದಿಯ ನಡುವೆ ಎದ್ದು ಅದನ್ನು ಮಂಡಿಸಲು ಸಂಕೋಚವಾಯಿತು. ಅವರ ಆಲೋಚನೆ ಗೊತ್ತಿದ್ದ ಗೆಳೆಯರೊಬ್ಬರು ಮಾತಿನ ನಡುವೆ ಆ ಪದವನ್ನು ಸಹಜವೆಂಬಂತೆ ಬಳಸಿದರು. ಉಳಿದವರ ಬಾಯಿಗೂ ಅದು ಹತ್ತಿತು. ಇದನ್ನು ಪೀಟರ್ಸನ್ ಅವರೇ ಇಪ್ಪತ್ತು ವರ್ಷಗಳ ಬಳಿಕ, 2018ರಲ್ಲಿ ಬರೆದರು. ಮಕ್ಕಳ ಹೆಸರನ್ನು ತಾನೇ ಯೋಚಿಸಿ, ಹಿರಿಯರ ಬಾಯಿಂದ ಹೇಳಿಸಿದ ಎಷ್ಟು ತಾಯಂದಿರು ನಮ್ಮಲ್ಲಿಲ್ಲ!

ಈ ಲೋಕಕ್ಕೆ ಹೊಸಬರು ಬರುತ್ತಿದ್ದುದು ಹೇಗೆ? ತಾವಾಗಿಯೇ. ರಾತ್ರಿಯೆಲ್ಲ ಕಂಪ್ಯೂಟರಿನ ಮುಂದೆ ಕೂತು, ತಪ್ಪುಮಾಡಿ, ಬೈಸಿಕೊಂಡು, ಮತ್ತೆ ಮಾಡಿ ಕಲಿಯುತ್ತಿದ್ದರು. ಹಾಗೆ ಕೂರಲು ಮನೆಯಲ್ಲಿ ಒಂದು ಕೋಣೆ, ಒಂದು ಯಂತ್ರ, ಯಾರೂ “ಅಡಿಗೀಮನಿಗೆ ಬಾ” ಎಂದು ಕೂಗದಂಥ ಹೊತ್ತು ಬೇಕು. ಇವು ಯಾರಿಗೆ ಸುಲಭವಾಗಿ ಸಿಗುತ್ತವೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. 2006ರಲ್ಲಿ ಯುರೋಪಿನ ಒಂದು ಅಧ್ಯಯನ, ಮುಕ್ತ ತಂತ್ರಾಂಶದಲ್ಲಿ ಕೆಲಸ ಮಾಡುವವರಲ್ಲಿ ಹೆಂಗಸರು ನೂರಕ್ಕೆ ಇಬ್ಬರೂ ಇಲ್ಲವೆಂದು ತೋರಿಸಿತು. ಸಂಬಳ ಕೊಡುವ ಮಾಮೂಲು ತಂತ್ರಾಂಶ ಕೆಲಸಗಳಲ್ಲಿ ನೂರಕ್ಕೆ 28 ಮಂದಿ ಇದ್ದರಂತೆ. ಬೀಗ ಹಾಕಿದ ಮನೆಯಲ್ಲಿ ಇಪ್ಪತ್ತೆಂಟು, ತೆರೆದ ಮನೆಯಲ್ಲಿ ಎರಡಕ್ಕಿಂತ ಕಡಿಮೆ!

2005ರಲ್ಲಿ ಗೂಗಲ್ ಕಂಪನಿ ‘ಸಮ್ಮರ್ ಆಫ್ ಕೋಡ್’ ಎಂಬ ಕಾರ್ಯಕ್ರಮ ಶುರುಮಾಡಿತು. ಕಾಲೇಜು ಹುಡುಗರು ಬೇಸಿಗೆಯಲ್ಲಿ ಯಾವುದಾದರೊಂದು ಮುಕ್ತ ತಂತ್ರಾಂಶ ಬಳಗದೊಡನೆ ಕೆಲಸ ಮಾಡಬೇಕು, ಅಲ್ಲಿನ ಅನುಭವಿಯೊಬ್ಬರು ದಾರಿ ತೋರಿಸಬೇಕು, ಕೆಲಸ ಮುಗಿದರೆ 4,500 ಡಾಲರ್. ಮೊದಲ ವರ್ಷ 200 ಜಾಗಗಳಿಗೆ 8,700ಕ್ಕೂ ಹೆಚ್ಚು ಪ್ರಸ್ತಾವಗಳು ಬಂದು, ಕೊನೆಗೆ 419 ಮಂದಿಯನ್ನು ತೆಗೆದುಕೊಂಡರು. ಒಬ್ಬರ ಪಕ್ಕದಲ್ಲಿ ಒಬ್ಬರನ್ನು ಕೂರಿಸಿ ಕಲಿಸುವ ಒಳ್ಳೆಯ ಏರ್ಪಾಡು. ಮರುವರ್ಷ ಗ್ನೋಮ್‌ಗೆ 181 ಅರ್ಜಿ ಬಂದು ಅದರಲ್ಲಿ ಹುಡುಗಿಯರು ಸೊನ್ನೆಯಾದದ್ದು ಇದೇ ಕಾರ್ಯಕ್ರಮದಲ್ಲಿ.

ಆ ಸೊನ್ನೆಯನ್ನು ನೋಡಿ ಸುಮ್ಮನಿರದವರು ಹನ್ನಾ ವಾಲಕ್ ಮತ್ತು ಕ್ರಿಸ್ ಬಾಲ್. ಅವರು ಕರೆಯ ಧಾಟಿಯನ್ನೇ ಬದಲಿಸಿದರು. ‘ನಿಮಗೆ ಏನು ಬರುತ್ತದೆ, ತೋರಿಸಿ’ ಎನ್ನುವ ಬದಲು ‘ಕಲಿಯಲು ಬನ್ನಿ, ಕಲಿಸುವವರು ಇದ್ದಾರೆ’ ಎಂದರು. ಹಿಂದೆ ಹೇಳಿದ ನೂರು ಅರ್ಜಿ ಬಂದದ್ದು ಆಗ. ಆರು ಹುಡುಗಿಯರನ್ನು ಆರಿಸಿಕೊಂಡು ತಲಾ 3,000 ಡಾಲರ್ ಕೊಟ್ಟು ಕಲಿಸಿದರು. ‘ಹೆಂಗಸರಿಗೆ ಇದರಲ್ಲಿ ಆಸಕ್ತಿಯೇ ಇಲ್ಲ’ ಎಂದು ತೀರ್ಪು ಕೊಟ್ಟು ಕೂತಿದ್ದವರಿಗೆ ಆ ನೂರು ಅರ್ಜಿಗಳೇ ಉತ್ತರವಾದವು.

ಕಲಿಸುವುದೆಂದರೆ ಏನನ್ನು? ಕಾಲೇಜಿನ ಪಾಠವನ್ನಂತೂ ಅಲ್ಲ, ಅದು ಅವರಿಗೆ ಗೊತ್ತಿರುತ್ತದೆ. ಲಕ್ಷಗಟ್ಟಲೆ ಸಾಲುಗಳ ಬರಹದಲ್ಲಿ ಎಲ್ಲಿ ಕೈ ಇಡಬೇಕು, ದೋಷವನ್ನು ಹೇಗೆ ಹುಡುಕಬೇಕು, ಯಾರನ್ನು ಹೇಗೆ ಕೇಳಬೇಕು, ಬರೆದದ್ದನ್ನು ಹಿರಿಯರು ‘ಇದು ಸರಿಯಿಲ್ಲ’ ಎಂದಾಗ ಎದೆಗುಂದದೆ ಹೇಗೆ ತಿದ್ದಬೇಕು ಎಂಬುದನ್ನು. ಈ ಲೋಕದಲ್ಲಿ ಒಂದು ತಿದ್ದುಪಡಿಗೆ ‘ಪ್ಯಾಚ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ತೇಪೆ. ಕೌದಿ ಹೊಲಿದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕೆ? ನಮ್ಮ ಅಜ್ಜಿ ಹಳೆ ಸೀರೆಗಳನ್ನು ಹಾಸಿ ಕೌದಿಗೆ ಕೂತಾಗ ನಮ್ಮ ಕೈಗೆ ಇಡೀ ಕೌದಿ ಕೊಡುತ್ತಿರಲಿಲ್ಲ. ಒಂದು ಮೂಲೆ ಕೊಡುತ್ತಿದ್ದಳು. ಹೊಲಿಗೆ ಡೊಂಕಾದರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದಳು. ಆದರೆ ಸೂಜಿಯನ್ನು ಕೈಯಿಂದ ಕಸಿದುಕೊಂಡದ್ದಿಲ್ಲ. 2002ರಲ್ಲಿ ವ್ಯಾಲರಿ ಅರೋರಾ ಎಂಬ ಲಿನಕ್ಸ್ ಪರಿಣತೆ, ಹೆಂಗಸರನ್ನು ಈ ಕೆಲಸಕ್ಕೆ ಹುರಿದುಂಬಿಸುವುದು ಹೇಗೆಂದು ಗಂಡಸರಿಗೆ ತಿಳಿಹೇಳುವ ಒಂದು ಕೈಪಿಡಿ ಬರೆದರು. ಅದರಲ್ಲಿನ ಒಂದು ಬುದ್ಧಿಮಾತು, ಕಲಿಯುವವಳ ಕೈಯಿಂದ ಕೀಲಿಮಣೆ ಕಸಿದುಕೊಳ್ಳಬೇಡಿ ಎಂಬುದು. ಅಜ್ಜಿಗೆ ಇದು ಓದದೆಯೇ ಗೊತ್ತಿತ್ತು.

ಅದೇ ಕಾಲದಲ್ಲಿ ಕೆಲವು ಕಾಲೇಜು ಮೇಷ್ಟ್ರುಗಳೂ ತರಗತಿಯ ಗೋಡೆ ದಾಟಿದರು. 2004ರ ಡಿಸೆಂಬರಿನ ಸುನಾಮಿಯನ್ನು ಮರೆತವರುಂಟೆ? ಕಾಣೆಯಾದವರ, ಶಿಬಿರಗಳ, ಪರಿಹಾರ ಸಾಮಗ್ರಿಗಳ ಲೆಕ್ಕವಿಡಲು ಶ್ರೀಲಂಕಾದ ಸ್ವಯಂಸೇವಕರು ಆಗ ‘ಸಹನ’ ಎಂಬ ಮುಕ್ತ ತಂತ್ರಾಂಶ ಕಟ್ಟಿದರು. ಸಿಂಹಳದಲ್ಲಿ ಆ ಮಾತಿಗೆ ಪರಿಹಾರ ಎಂಬ ಅರ್ಥ. 2006ರಲ್ಲಿ ಅಮೆರಿಕದ ಟ್ರಿನಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕ ರಾಲ್ಫ್ ಮೊರೆಲ್ಲಿ ಮತ್ತು ಸಂಗಡಿಗರು ತಮ್ಮ ವಿದ್ಯಾರ್ಥಿಗಳನ್ನು ಈ ಕೆಲಸಕ್ಕೆ ಸೇರಿಸಿದರು. ಪರಿಹಾರಕ್ಕೆ ಬರುವ ಸ್ವಯಂಸೇವಕರ ಲೆಕ್ಕ ನೋಡುವ ಭಾಗವನ್ನು ಆ ವಿದ್ಯಾರ್ಥಿಗಳು ಬರೆದರು. ಅಂಕಕ್ಕಾಗಿ ಬರೆದು ಬೀರುವಿಗೆ ಸೇರುವ ಕೆಲಸವಲ್ಲ ಅದು, ದೂರದ ದ್ವೀಪದ ನೊಂದವರಿಗೆ ಮುಟ್ಟುವಂಥದು. ಅದೇ ಸುಮಾರಿಗೆ ಕೆನಡಾದ ಟೊರಾಂಟೊದ ಸೆನೆಕಾ ಕಾಲೇಜಿನಲ್ಲಿ ಡೇವಿಡ್ ಹಂಫ್ರಿ ತಮ್ಮ ವಿದ್ಯಾರ್ಥಿಗಳಿಂದ ಮೊಝಿಲ್ಲಾ ಬಳಗದ ನಿಜವಾದ ಕೆಲಸಗಳನ್ನೇ ಮಾಡಿಸತೊಡಗಿದ್ದರು.

ಗ್ನೋಮ್ ಕತೆಗೆ ಮರಳೋಣ. ಆರು ಹುಡುಗಿಯರ ಆ ಪ್ರಯತ್ನ ಒಂದೇ ಬೇಸಿಗೆಗೆ ನಿಂತಿತು. ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದವರು ಮರೀನಾ ಝುರಾಖಿನ್ಸ್ಕಾಯಾ, ರೆಡ್ ಹ್ಯಾಟ್ ಕಂಪನಿಯ ಎಂಜಿನಿಯರ್. 2010ರ ಡಿಸೆಂಬರಿನಲ್ಲಿ ಎಂಟು ಮಂದಿಯೊಡನೆ ಹೊಸ ಸುತ್ತು ಶುರುವಾಯಿತು. ಅವರ ಏರ್ಪಾಡಿನ ಜಾಣತನ ನೋಡಿ. ಅರ್ಜಿ ಹಾಕುವವಳು ಮೊದಲೇ ಒಂದು ಸಣ್ಣ ತೇಪೆ ಹಾಕಿ ತೋರಿಸಬೇಕು. ಅದು ಪರೀಕ್ಷೆಯಂತೆ ಕಂಡರೂ, ಆ ತೇಪೆ ಹಾಕುವಾಗಲೇ ಮಾರ್ಗದರ್ಶಕರು ಜೊತೆಗಿರುತ್ತಾರೆ. ಆಯ್ಕೆಯಾಗದೆ ಹೋದವಳಿಗೂ ಒಂದು ಕೆಲಸ ಮುಗಿಸಿದ ಅನುಭವ ಉಳಿಯುತ್ತದೆ. ಆಯ್ಕೆಯಾದವಳಿಗೆ ಮೂರು ತಿಂಗಳ ಕೆಲಸ, 5,000 ಡಾಲರ್ ಗೌರವಧನ. ಮನೆ ಬಿಟ್ಟು ಹೋಗಬೇಕಾಗಿಲ್ಲ. ವಿದ್ಯಾರ್ಥಿನಿಯೇ ಆಗಿರಬೇಕೆಂದೂ ಇಲ್ಲ. ಮದುವೆ, ಬಾಣಂತನದಿಂದ ಓದು ನಿಂತವಳೂ ಅರ್ಜಿ ಹಾಕಬಹುದಿತ್ತು. ನಮ್ಮಂಥ ಊರಿನವರಿಗೆ ಈ ಎರಡು ಮಾತುಗಳ ಬೆಲೆ ಗೊತ್ತು.

2013ರಲ್ಲಿ ಲಿನಕ್ಸ್ ತಿರುಳಿನ ಬಳಗವೂ ಇದಕ್ಕೆ ಸೇರಿತು. ಅಲ್ಲಿ ಮುಂದೆ ನಿಂತು ನಡೆಸಿದವರು ಸೇಜ್ ಶಾರ್ಪ್. ಹೊಸಬರಿಗೆ ಮೊದಲು ಕೊಟ್ಟದ್ದು ಕಸ ಗುಡಿಸುವಂಥ ಕೆಲಸ. ಇನ್ನೂ ಒಪ್ಪವಾಗದ ಬರಹದಲ್ಲಿ ಉದ್ದ ಸಾಲು ಮುರಿಯುವುದು, ಬೇಡದ ಜಾಗ ತೆಗೆಯುವುದು. ಇಷ್ಟು ಸಣ್ಣದೆ ಎನ್ನಬೇಡಿ. ಮನೆಯಲ್ಲಿ ಯಾವ ಡಬ್ಬಿ ಎಲ್ಲಿದೆ ಎಂದು ಹೊಸ ಸೊಸೆಗೆ ಗೊತ್ತಾಗುವುದು ಅಡುಗೆಮನೆ ಒಪ್ಪ ಮಾಡುವಾಗಲೇ. ಆದರೆ ಆ ಮನೆಯಲ್ಲಿ ಬೈಗುಳದ ರೂಢಿಯಿತ್ತು. 2013ರಲ್ಲಿಯೇ ಶಾರ್ಪ್ ಅವರು ಟೊರ್ವಾಲ್ಡ್ಸ್‌ಗೆ, ಹೀಗೆ ಬಯ್ಯುವುದನ್ನು ನಿಲ್ಲಿಸಿ ಎಂದು ಎಲ್ಲರೆದುರು ಹೇಳಿದರು. ಆತ ಒಪ್ಪಲಿಲ್ಲ. ಮುಂದೆ ಶಾರ್ಪ್ ಆ ಬಳಗದ ಕೆಲಸವನ್ನೇ ಬಿಟ್ಟರು. 2018ರಲ್ಲಿ ಟೊರ್ವಾಲ್ಡ್ಸ್ ತಾವೇ ಕ್ಷಮೆ ಕೇಳಿ ಕೆಲಕಾಲ ದೂರ ಸರಿದರು, ನಡವಳಿಕೆಯ ನಿಯಮಗಳೂ ಬಂದವು. ಹೇಳಿದವರು ಹೊರಗಾದ ಮೇಲೆ ಅವರ ಮಾತು ಒಳಗೆ ಬಂತು! ಕಲಿಸುವುದೆಂದರೆ ಹೊಸಬಳನ್ನು ತಿದ್ದುವುದಷ್ಟೇ ಆದರೆ ಸಾಲದು, ಮನೆಯೂ ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ.

ದುಡ್ಡಿನ ಮಾತೂ ಬಂತು. 2014ರಲ್ಲಿ ಗ್ನೋಮ್ ಸಂಸ್ಥೆಯ ಕೈ ಬರಿದಾಗಿ ಖರ್ಚುಗಳಿಗೆ ತಡೆ ಹಾಕಬೇಕಾಯಿತು. ‘ಹೆಂಗಸರ ಕಾರ್ಯಕ್ರಮ ಗ್ನೋಮ್‌ನ್ನು ಮುಳುಗಿಸಿತು’ ಎಂದು ಕೆಲವರು ಹಬ್ಬಿಸಿದರು. ನಡೆದದ್ದು ಬೇರೆ. ಹಣ ಕೊಡುತ್ತೇವೆಂದು ಒಪ್ಪಿಕೊಂಡ ಪ್ರಾಯೋಜಕರಿಂದ ಹಣ ಬರುವುದು ತಡವಾಗಿತ್ತು, ಹುಡುಗಿಯರಿಗೆ ಮಾತ್ರ ಹೊತ್ತಿಗೆ ಸರಿಯಾಗಿ ಗ್ನೋಮ್ ತನ್ನ ಗಂಟಿನಿಂದ ಕೊಟ್ಟಿತ್ತು. ಸಾಲದ ಬಾಕಿ ಬರುವವರೆಗೆ ಮನೆ ನಡೆಸಿದವಳಿಗೇ ‘ದುಂದುಗಾತಿ’ ಎಂಬ ಬಿರುದು ಬರುವುದು ನಮಗೇನು ಹೊಸದೆ? ಕಾರ್ಯಕ್ರಮ ಮಾತ್ರ ನಿಲ್ಲಲಿಲ್ಲ. 2015ರಲ್ಲಿ ‘ಔಟ್‌ರೀಚಿ’ ಎಂಬ ಹೊಸ ಹೆಸರಿನಲ್ಲಿ, ಕರೆನ್ ಸ್ಯಾಂಡ್ಲರ್ ಮುಖ್ಯಸ್ಥೆಯಾಗಿದ್ದ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಸಂಸ್ಥೆಗೆ ಸೇರಿತು. ಹೆಂಗಸರಲ್ಲದೆ, ಈ ಲೋಕದ ಹೊರಗೆ ನಿಂತ ಇತರರಿಗೂ ಕರೆ ಹೋಯಿತು. ಮರೀನಾ 2022ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. 2023ರ ಹೊತ್ತಿಗೆ ಈ ದಾರಿಯಲ್ಲಿ ಬಂದವರು ಸಾವಿರ ದಾಟಿದ್ದರು. ಅವರಲ್ಲಿ ನಮ್ಮ ದೇಶದ ಹುಡುಗಿಯರು ಬಹಳ.

ಕಲಿಸುವ ಹೆಸರಿನಲ್ಲಿ ಕೆಡಿಸುವುದೂ ಉಂಟು. ಪ್ರತಿ ಅಕ್ಟೋಬರಿನಲ್ಲಿ ಮುಕ್ತ ತಂತ್ರಾಂಶಕ್ಕೆ ಕೆಲವು ತೇಪೆ ಹಾಕಿದವರಿಗೆ ಟೀಶರ್ಟ್ ಕೊಡುವ ಒಂದು ಉತ್ಸವವಿತ್ತು. 2020ರಲ್ಲಿ ಅದಕ್ಕಾಗಿ ಸುಲಭ ದಾರಿ ಕಲಿತ ಸಾವಿರಾರು ಹುಡುಗರು, ಬೇರೆಯವರ ಬರಹದಲ್ಲಿ ‘ಅದ್ಭುತ’ ಎಂಬಂಥ ಒಂದೆರಡು ಪದ ಸೇರಿಸಿ ಕಳಿಸತೊಡಗಿದರು. ಪುಕ್ಕಟೆ ದುಡಿಯುತ್ತಿದ್ದ ಹಿರಿಯರು ಈ ಕಸ ತೆಗೆಯುವುದರಲ್ಲೇ ಸುಸ್ತಾದರು. ಉತ್ಸವ ನಡೆಸುವವರು ಎರಡು ಮೂರು ದಿನಗಳಲ್ಲೇ ನಿಯಮ ಬದಲಿಸಬೇಕಾಯಿತು. ಆ ಹುಡುಗರಿಗೆ ಹೊಲಿಗೆ ಹಾಕುವುದನ್ನು ಯಾರೋ ತೋರಿಸಿದ್ದರು, ಹರಿದದ್ದು ಎಲ್ಲಿ ಎಂದು ನೋಡುವುದನ್ನು ತೋರಿಸಿರಲಿಲ್ಲ.

ನಮ್ಮ ಎಂಜಿನಿಯರಿಂಗ್ ಓದಿನ ಕೊನೆಯ ವರ್ಷದ ಪ್ರಾಜೆಕ್ಟುಗಳನ್ನು ನೆನೆದರೆ ಇದೂ ಸೋಜಿಗವಲ್ಲ. ‘ಪ್ರಾಜೆಕ್ಟ್ ಮಾಡಿಕೊಡಲಾಗುವುದು’ ಎಂಬ ಫಲಕಗಳನ್ನು ನೀವೂ ನೋಡಿರಬಹುದು. ನನ್ನ ತಂಗಿಯ ಮಗಳ ತರಗತಿಯಲ್ಲಿ ಹಲವರು ಹಾಗೆ ಕೊಂಡೇ ತಂದರು. ಮಾಡಿದ್ದು ಯಾರು ಎಂದು ಕಾಲೇಜು ಕೇಳಲಿಲ್ಲ. ಈಕೆಗೆ ಮಾತ್ರ ಒಬ್ಬ ಸೀನಿಯರ್ ಹುಡುಗಿ ಗ್ನೋಮ್‌ನ ಕನ್ನಡ ಅನುವಾದ ತೋರಿಸಿ, “ಈ ಸಾಲು ನೋಡು, ನಮ್ಮೂರಾಗ ಯಾರಿಗರ ತಿಳೀತದನು?” ಎಂದಳಂತೆ. ಯಾರಿಗೂ ತಿಳಿಯದ ಒಂದು ಪದವನ್ನು ನಮ್ಮ ಹುಡುಗಿ ತಿದ್ದಿ ಕಳಿಸಿದಳು. ಹನ್ನೊಂದು ದಿನ ಉತ್ತರವಿಲ್ಲ. ಆಮೇಲೆ ಬಂದ ಉತ್ತರದಲ್ಲಿ ಎರಡು ತಪ್ಪು ತೋರಿಸಿದ್ದರು. ಮುಖ ಸಣ್ಣದು ಮಾಡಿಕೊಂಡಳು. ಆ ಸೀನಿಯರ್ ಫೋನಿನಲ್ಲಿ, “ತಪ್ಪು ತೋರಿಸ್ಯಾರ ಅಂದ್ರ ಓದ್ಯಾರ ಅಂತ ಅರ್ಥ, ತಿದ್ದಿ ಕಳಸು” ಎಂದಳು. ಮರುವಾರ ಒಂದು ಸಂಜೆ, “ದೊಡ್ಡವ್ವಾ, ಬಾ ಇಲ್ಲೆ, ನಾ ಬರದಿದ್ದು ತಗೊಂಡಾರ!” ಎಂದು ಕೂಗಿದಳು. ಒಂದು ಪದ! ಆದರೆ ಅದು ಅಂಗಡಿಯಿಂದ ತಂದದ್ದಲ್ಲ.

ನಮ್ಮ ದೇಶದಲ್ಲೂ ಕೈಹಿಡಿದು ಕಲಿಸುವ ಏರ್ಪಾಡುಗಳಿವೆ. ಮುಂಬಯಿಯ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ಬೆಳೆದ ‘ಫೋಸ್ಸೀ’ ಯೋಜನೆ, ವಿದ್ಯಾರ್ಥಿಗಳು ತಾವು ಓದುವ ಪಠ್ಯಪುಸ್ತಕದ ಬಿಡಿಸಿದ ಲೆಕ್ಕಗಳನ್ನೇ ಸೈಲ್ಯಾಬ್ ಎಂಬ ಮುಕ್ತ ತಂತ್ರಾಂಶದಲ್ಲಿ ಬರೆದುಕೊಟ್ಟರೆ ಗೌರವಧನ ಕೊಡುವ ದಾರಿ ತೆರೆಯಿತು. ಅದರ ಜೊತೆಯ ‘ಸ್ಪೋಕನ್ ಟ್ಯುಟೋರಿಯಲ್’ ಪಾಠಗಳು ಹತ್ತು ನಿಮಿಷದಷ್ಟು ಚಿಕ್ಕವು, ಕನ್ನಡದಲ್ಲೂ ಸಿಗುತ್ತವೆ. ಇಂಗ್ಲಿಷಿಗೆ ಹೆದರುವ ಹುಡುಗಿ ತನ್ನ ಮಾತಿನಲ್ಲೇ ಕೇಳಿ ಶುರುಮಾಡಬಹುದು.

ಇಷ್ಟೆಲ್ಲ ಆದ ಮೇಲೂ ಅಸಮಾನತೆ ಹೋಗಿದೆಯೆ? 2017ರಲ್ಲಿ ಅಮೆರಿಕದ ಸಂಶೋಧಕರು ಲಕ್ಷಾಂತರ ತಿದ್ದುಪಡಿಗಳನ್ನು ಪರಿಶೀಲಿಸಿದರು. ಹೆಂಗಸರು ಕಳಿಸಿದವುಗಳಲ್ಲಿ ನೂರಕ್ಕೆ ಸುಮಾರು 78, ಗಂಡಸರವುಗಳಲ್ಲಿ ಸುಮಾರು 74 ಸ್ವೀಕಾರವಾಗಿದ್ದವು. ಆದರೆ ಆ ಬಳಗಕ್ಕೆ ಹೊಸಬಳಾಗಿದ್ದು, ಹೆಣ್ಣೆಂದು ಗುರುತು ಸಿಕ್ಕುವಂತಿದ್ದರೆ ಆ ಮೇಲುಗೈ ಉಳಿಯಲಿಲ್ಲ, ಸ್ವೀಕಾರ ಗಂಡಸರಿಗಿಂತ ಕೆಳಗಿಳಿಯಿತು. ಕೆಲಸ ಚೆನ್ನಾಗಿದೆ, ಹೆಸರು ಕಂಡರೆ ಕಣ್ಣು ಕಿರಿದಾಗುತ್ತದೆ. ಅದಕ್ಕಾಗಿಯೇ ಮೊದಲ ದಿನಗಳಲ್ಲಿ ಪಕ್ಕದಲ್ಲಿ ಒಬ್ಬರು ಬೇಕು ಎನ್ನುವುದು.

ಬ್ಯಾಂಕು, ಆಸ್ಪತ್ರೆ, ಶಾಲೆ, ಫೋನು, ಎಲ್ಲದರ ಒಳಗೂ ಇಂದು ಈ ಬರಹವಿದೆ. ಅದನ್ನು ಬರೆಯುವವರಲ್ಲಿ ನಮ್ಮ ಮಕ್ಕಳಿಲ್ಲದಿದ್ದರೆ ನಮ್ಮ ಭಾಷೆ, ನಮ್ಮ ಅಗತ್ಯ ಅಲ್ಲಿ ಯಾರಿಗೆ ನೆನಪಾಗಬೇಕು? ನಿಮ್ಮ ಮನೆಯಲ್ಲೋ ಓಣಿಯಲ್ಲೋ ಕಂಪ್ಯೂಟರ್ ಓದುವ ಹುಡುಗಿಯಿದ್ದರೆ, ಎಷ್ಟು ಅಂಕ ಬಂತು, ಎಲ್ಲಿ ಕೆಲಸ ಸಿಕ್ಕಿತು ಎಂದು ಕೇಳುವ ಜೊತೆಗೆ, “ನೀ ಬರದಿದ್ದು ಯಾರಿಗೆ ಉಪಯೋಗಕ್ಕ ಬಂತವ್ವ?” ಎಂದೂ ಒಮ್ಮೆ ಕೇಳಿ. ಸಂಜೆ ಒಂದು ಗಂಟೆ ಅವಳನ್ನು ಒಳಗಿನ ಕೆಲಸಕ್ಕೆ ಕರೆಯದಿರಿ. ಈ ದಾರಿಯಲ್ಲಿ ಹೋಗಿಬಂದ ಹುಡುಗಿಯರು ನಿಮಗೆ ಗೊತ್ತಿದ್ದರೆ ಅವಳಿಗೆ ಪರಿಚಯ ಮಾಡಿಸಿ. ಆ ಹುಡುಗಿಯರಿಗೂ ಒಂದು ಮಾತು ಹೇಳಿ, ಹಿಂದೆ ಬರುವವಳ ಹೆಸರು ಹಿಡಿದು ಕರೆಯಿರಿ ಎಂದು.